ಗದೆ ಹಗುರ, ತೋಳು ಭಾರ

(ಮಂಡ್ಯದಲ್ಲಿ ಹಿರಿಯ ನಾಗರಿಕರು ಮತ್ತು ರೈತರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಭುಜದ ನೋವಿನ ಬಗ್ಗೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯವರು ಕೇಳಿದ್ದನ್ನು ಅವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ.)

ಮೊದಲು ಎಲ್ಲರೂ ಎರಡೂ ಕೈ ಮೇಲೆತ್ತಿ. ತೋಳು ಕಿವಿಗೆ ತಾಗಬೇಕು. ಹೂಂ, ಮೂರನೇ ಸಾಲಿನಲ್ಲಿ ಒಬ್ಬರು ಅರ್ಧಕ್ಕೇ ನಿಲ್ಲಿಸಿ ಮುಖ ಕಿವುಚಿದರು. ಹಿಂದೆ ಕೂತಿರುವ ಅಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಎತ್ತಿದರು. ಸಾಕು, ಇಳಿಸಿ. ಇವತ್ತು ನಾನು ಮಾತಾಡುವುದೆಲ್ಲ ಇವರಿಬ್ಬರಿಗೇ ಅಂದುಕೊಳ್ಳಿ, ಮಿಕ್ಕವರು ಕೇಳಿಸಿಕೊಳ್ಳಬಹುದು.

ನಾನು ಫಿಸಿಯೋಥೆರಪಿಸ್ಟ್. ನಮ್ಮ ಕಡೆ ನಮಗೆ ‘ಕರೆಂಟ್ ಕೊಡೋರು’ ಅಂತ ಹೆಸರು. ಆ ಹೆಸರು ಬರುವುದಕ್ಕೆ ನಮ್ಮ ತಪ್ಪೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ರೈತರು ಬಂದರು. ಐವತ್ತೆಂಟು ವಯಸ್ಸು, ಎರಡೆಕರೆ ಕಬ್ಬು, ನಾಲ್ಕು ಹಸು. ಊರಹಬ್ಬಕ್ಕೆ ಆಡುವ ಪೌರಾಣಿಕ ನಾಟಕದಲ್ಲಿ ಇಪ್ಪತ್ತು ವರ್ಷದಿಂದ ಅವರದೇ ಭೀಮನ ಪಾತ್ರ. ಕೈಯಲ್ಲಿ ಎಂಆರ್‌ಐ ಲಕೋಟೆ. ಕೂರುವ ಮೊದಲೇ ಹೇಳಿದರು: “ಒಳ್ಗೆ ಹರ್ದೋಗದಂತೆ ಸ್ವಾಮಿ. ಭೀಮನ್ ಪಾರ್ಟ ಬ್ಯಾರೆಯೋರ್ಗೆ ಕೊಟ್ಬುಡಿ ಅಂತ ಮೇಷ್ಟ್ರಿಗೆ ಹೇಳ್ಬುಟ್ಟಿವ್ನಿ.” ನೋವಿಗಿಂತ ಆ ‘ಹರ್ದೋಗದೆ’ ಅನ್ನುವ ಮಾತು ಅವರನ್ನು ಹಣ್ಣು ಮಾಡಿತ್ತು. ಎರಡು ತಿಂಗಳಿಂದ ಕೈಯನ್ನು ಎದೆಗೆ ಅವಚಿಕೊಂಡೇ ಓಡಾಡುತ್ತಿದ್ದರು. ಹಾಲು ಕರೆಯುವುದು ಹೆಂಡತಿಯ ಪಾಲಿಗೆ ಹೋಗಿತ್ತು.

ಗದೆ ಎಷ್ಟು ತೂಕ ಅಂತ ಕೇಳಿದೆ. ನಕ್ಕರು. “ಬರೀ ಟೊಳ್ಳು. ಮುಕ್ಕಾಲ್ ಕೇಜಿ ಇದ್ರೆ ಹೆಚ್ಚು.”

ಹಾಗಾದರೆ ನೋವು ಯಾವುದರದ್ದು? ತೋಳಿನದ್ದೇ. ಒಬ್ಬ ಮನುಷ್ಯನ ಒಂದು ತೋಳು ಅವನ ಮೈತೂಕದ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಅರವತ್ತೈದು ಕೇಜಿಯ ಆಸಾಮಿಗೆ ಮೂರು ಕೇಜಿ ಚಿಲ್ಲರೆ. ಅದನ್ನು ಚಾಚಿ ಹಿಡಿದರೆ ಏತದ ಲೆಕ್ಕ ಶುರುವಾಗುತ್ತದೆ. ತೋಳನ್ನು ಎತ್ತುವ ಸ್ನಾಯುಗಳು ಕೀಲಿನ ತಿರುಗುಮಧ್ಯದಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತವೆ. ತೋಳಿನ ಭಾರ ಕೂತಿರುವುದು ಮೂವತ್ತು ಸೆಂಟಿಮೀಟರ್ ಆಚೆ. ಅಂದರೆ ಬರಿಗೈ ಚಾಚುವುದಕ್ಕೇ ಭುಜದೊಳಗೆ ತೋಳಿನ ತೂಕದ ಹತ್ತು ಪಟ್ಟಿನ ಆಸುಪಾಸು ಎಳೆತ ಬೇಕು. ಮೊಣಕೈ ಮಡಚಿ ಮೈಗೆ ಹತ್ತಿರ ತಂದರೆ ಆ ಎಳೆತ ಅರ್ಧಕ್ಕೆ ಇಳಿಯುತ್ತದೆ. ಭುಜ ನೋಯುವವರು ಸಾಂಬಾರಿನ ಪಾತ್ರೆಯನ್ನು ಕೈ ಚಾಚಿ ಇಳಿಸಬೇಡಿ, ಹತ್ತಿರ ಹೋಗಿ ಇಳಿಸಿ ಅಂತ ನಾನು ಹೇಳುವುದು ಇದಕ್ಕೇ.

ಈಗ ಒಳಗೆ ಏನಿದೆ ನೋಡೋಣ. ಶಾಲೆಯಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದೀರಲ್ಲ, ಭುಜದ ಕೀಲು ಆ ಥರ. ತೋಳಮೂಳೆಯ ತುದಿ ನಿಂಬೆಹಣ್ಣು, ಬೆನ್ನಿನ ಹಲಗೆಮೂಳೆಯ ಅಂಚಿನಲ್ಲಿರುವ ಸಣ್ಣ ಬಟ್ಟಲು ಚಮಚ. ಸೊಂಟದ ಕೀಲಾದರೆ ಒರಳಿನೊಳಗೆ ಗುಂಡು ಕೂತಂತೆ ಭದ್ರ. ಭುಜ ಹಾಗಲ್ಲ. ಬೆನ್ನು ಕೆರೆದುಕೊಳ್ಳಬೇಕು, ಜಡೆ ಹೆಣೆಯಬೇಕು, ತೆಂಗಿನಕಾಯಿ ಎಸೆಯಬೇಕು. ಎಲ್ಲ ದಿಕ್ಕಿಗೂ ತಿರುಗುವ ಸ್ವಾತಂತ್ರ್ಯಕ್ಕಾಗಿ ಭದ್ರತೆಯನ್ನು ಬಿಟ್ಟುಕೊಟ್ಟ ಕೀಲು ಇದು. ಹಣ್ಣು ಚಮಚದಿಂದ ಉರುಳದ ಹಾಗೆ ಹಿಡಿದಿರುವುದು ನಾಲ್ಕು ಸ್ನಾಯುಗಳು. ಸುಪ್ರಾಸ್ಪೈನೇಟಸ್ ಮೇಲಿನಿಂದ, ಇನ್ಫ್ರಾಸ್ಪೈನೇಟಸ್ ಮತ್ತು ಟೆರೀಸ್ ಮೈನರ್ ಹಿಂದಿನಿಂದ, ಸಬ್‌ಸ್ಕ್ಯಾಪುಲಾರಿಸ್ ಮುಂದಿನಿಂದ. ಹೆಸರು ಮರೆತುಬಿಡಿ, ನಾಲ್ಕು ಹಗ್ಗ ಅಂತ ನೆನಪಿಟ್ಟುಕೊಳ್ಳಿ.

ಮಟನ್ ಅಂಗಡಿಯಲ್ಲಿ ನೋಡಿರುತ್ತೀರಿ, ಕೆಂಪು ಮಾಂಸ ಮೂಳೆಯ ಹತ್ತಿರ ಬಂದಾಗ ಬಿಳಿಯ ಗಟ್ಟಿ ಪಟ್ಟಿಯಾಗಿ ಅಂಟಿರುತ್ತದೆ. ಬೇಯಿಸಿದರೂ ಹಲ್ಲಿಗೆ ಬಗ್ಗುವುದಿಲ್ಲ. ಅದೇ ಸ್ನಾಯುರಜ್ಜು. ಜನ ಅದನ್ನು ‘ನರ’ ಅನ್ನುತ್ತಾರೆ, ಆದರೆ ನರ ಅಂದರೆ ಕರೆಂಟ್ ತಂತಿ, ಇದು ಹಗ್ಗ. ಎರಡರ ರಿಪೇರಿ ಬೇರೆ ಬೇರೆ. ಭುಜದ ಈ ನಾಲ್ಕು ರಜ್ಜುಗಳು ಕೊನೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡು ಮೂಳೆಯ ತಲೆಯನ್ನು ಅಂಗಿತೋಳಿನ ಪಟ್ಟಿಯ ಹಾಗೆ ಸುತ್ತಿಕೊಳ್ಳುತ್ತವೆ. ಪಟ್ಟಿಗೆ ಇಂಗ್ಲಿಷಿನಲ್ಲಿ ಕಫ್. ಅದಕ್ಕೇ ರೊಟೇಟರ್ ಕಫ್ ಅನ್ನುವ ಹೆಸರು. ನನ್ನ ಹತ್ತಿರ ಬಂದಿದ್ದ ಅಜ್ಜಿಯೊಬ್ಬರು “ಭುಜದಲ್ಲಿ ಕಫ ಕಟ್ಕೊಂಡದೆ ಅಂದ್ರು ಡಾಕ್ಟ್ರು” ಅಂತ ವಾರಗಟ್ಟಲೆ ಶುಂಠಿ ಕಷಾಯ ಕುಡಿದಿದ್ದರು. ನಗಬೇಡಿ. ಅರ್ಥವಾಗದ ಮಾತನ್ನು ಕೊಟ್ಟು ಕಳಿಸಿದರೆ ಜನ ತಮಗೆ ತಿಳಿದ ಅರ್ಥವನ್ನೇ ತುಂಬಿಕೊಳ್ಳುತ್ತಾರೆ.

ಹರಿಯುವುದು ಅಂದರೆ ಏನು? ಎರಡು ಪಂಚೆ ತಗೊಳ್ಳಿ. ಒಂದು ಹೊಸದು, ಬೇಲಿಗೆ ಸಿಕ್ಕಿ ಪರ್ರನೆ ಹರಿಯಿತು. ಇನ್ನೊಂದು ಹದಿನೈದು ವರ್ಷ ಒಗೆದು ಒಗೆದು ಕೂರುವ ಜಾಗದಲ್ಲಿ ತೆಳ್ಳಗಾಗಿ ನೂಲು ಬಿಟ್ಟುಕೊಂಡಿತು. ವರದಿಯಲ್ಲಿ ಎರಡಕ್ಕೂ ಒಂದೇ ಶಬ್ದ ಬರೆಯುತ್ತಾರೆ. ಬಿದ್ದು ಪೆಟ್ಟಾಗಿ ಒಂದೇ ಕ್ಷಣದಲ್ಲಿ ಹರಿದದ್ದು ಮೊದಲನೆಯ ಜಾತಿ. ಐವತ್ತು ದಾಟಿದ ಮೇಲೆ ತಾನಾಗಿ ಸವೆದದ್ದು ಎರಡನೆಯದು. ನಮ್ಮ ಭೀಮಣ್ಣನದು ಎರಡನೆಯದು. ಬಿದ್ದಿರಲಿಲ್ಲ, ಏಟು ತಿಂದಿರಲಿಲ್ಲ. ಕಬ್ಬಿನ ಹೊರೆಯನ್ನು ತಲೆಗಿಂತ ಎತ್ತರಕ್ಕೆ ಟ್ರಾಕ್ಟರ್ ಟ್ರೇಲರಿಗೆ ಎಸೆದ ಸೀಜನ್ ಮುಗಿದ ಮೇಲೆ ನಿಧಾನವಾಗಿ ಶುರುವಾದ ನೋವು.

ಈಗ ನಾನು ಹೇಳುವುದನ್ನು ಮೂರನೇ ಸಾಲಿನವರು ಗಮನವಿಟ್ಟು ಕೇಳಬೇಕು. ಜಪಾನಿನ ಒಂದು ಹಳ್ಳಿಯಲ್ಲಿ 664 ಜನರ ಭುಜಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದರು. ಆಸ್ಪತ್ರೆಗೆ ಬಂದ ರೋಗಿಗಳನ್ನಲ್ಲ, ಹಳ್ಳಿಯ ಜನರನ್ನು. 2013ರಲ್ಲಿ ಪ್ರಕಟವಾದ ವರದಿ. ನೂರಕ್ಕೆ ಇಪ್ಪತ್ತೆರಡು ಮಂದಿಯಲ್ಲಿ ರಜ್ಜು ಪೂರ್ತಿ ದಪ್ಪಕ್ಕೂ ಹರಿದಿತ್ತು. ಅಂಥವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ನೋವೂ ಇಲ್ಲ, ತೊಂದರೆಯೂ ಇಲ್ಲ. ಗದ್ದೆಗೆ ಹೋಗುತ್ತಿದ್ದರು, ಊಟ ಮಾಡುತ್ತಿದ್ದರು, ಹರಿದಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಅದಕ್ಕೂ ಮುಂಚೆ, 1995ರಲ್ಲಿ, ಅಮೆರಿಕದಲ್ಲಿ ಭುಜನೋವೇ ಇಲ್ಲದ 96 ಜನರಿಗೆ ಎಂಆರ್‌ಐ ಮಾಡಿದಾಗ ಅರವತ್ತು ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅರೆಯೋ ಪೂರ್ತಿಯೋ ರಜ್ಜು ಹರಿದಿದ್ದು ಕಂಡಿತ್ತು. ಈ ಸಭೆಯಲ್ಲಿ ಎಲ್ಲರಿಗೂ ಸ್ಕ್ಯಾನ್ ಮಾಡಿದರೆ ಎಷ್ಟೋ ಜನರ ಕೈಗೆ ‘ಹರಿದಿದೆ’ ಅನ್ನುವ ಚೀಟಿ ಬರುತ್ತದೆ. ಕೂದಲು ನರೆತಿದೆ ಅಂತ ಚೀಟಿ ಕೊಟ್ಟರೆ ಯಾರೂ ಎದೆ ಹಿಡಿದುಕೊಳ್ಳುವುದಿಲ್ಲ ನೋಡಿ.

ಹಾಗಾದರೆ ಇವರಿಗೆ ಏಕೆ ನೋವು, ಅವರಿಗೆ ಏಕಿಲ್ಲ? ಪೂರ್ತಿ ಉತ್ತರ ಇಲ್ಲ, ಆದರೆ ಒಂದು ಭಾಗ ಹೀಗಿದೆ. ಜಾತ್ರೆಯ ಟೆಂಟಿಗೆ ನಾಲ್ಕು ಕಡೆ ಹಗ್ಗ ಬಿಗಿದಿರುತ್ತಾರೆ. ಒಂದು ಹಗ್ಗ ಸಡಿಲವಾದರೆ ಮಿಕ್ಕ ಮೂರನ್ನು ಬಿಗಿ ಮಾಡಿದರೆ ಟೆಂಟು ನಿಲ್ಲುತ್ತದೆ. ಭುಜದಲ್ಲಿ ಹರಿಯುವುದು ಬಹುಪಾಲು ಮೇಲಿನ ಹಗ್ಗ. ಮುಂದಿನದು ಮತ್ತು ಹಿಂದಿನದು ಸರಿಯಾಗಿ ಎಳೆಯುತ್ತಿದ್ದರೆ ನಿಂಬೆಹಣ್ಣು ಚಮಚದ ಮೇಲೇ ಕೂತಿರುತ್ತದೆ. ನೋವಿಗೆ ಹೆದರಿ ಎರಡು ತಿಂಗಳು ಕೈ ಅಲ್ಲಾಡಿಸದೆ ಇದ್ದರೆ ಚೆನ್ನಾಗಿದ್ದ ಮೂರು ಹಗ್ಗಗಳೂ ಸಡಿಲವಾಗುತ್ತವೆ. ಭೀಮಣ್ಣನಿಗೆ ಆಗಿದ್ದು ಅದು. ಒಂದು ಹಗ್ಗ ವಯಸ್ಸಿನಿಂದ ಹೋಯಿತು, ಮೂರು ಹಗ್ಗ ಹೆದರಿಕೆಯಿಂದ.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ಅಮೆರಿಕದ ಬಾಸ್ಟನ್ನಿನಲ್ಲಿ ಅರ್ನೆಸ್ಟ್ ಕಾಡ್ಮನ್ ಅಂತ ಒಬ್ಬ ಸರ್ಜನ್. ಭುಜದ ಹರಿದ ರಜ್ಜನ್ನು ಹೊಲಿದ ಮೊದಲಿಗರಲ್ಲಿ ಒಬ್ಬ, 1911ರಲ್ಲೇ ಅದನ್ನು ವರದಿ ಮಾಡಿದ. 1934ರಲ್ಲಿ ಭುಜವೊಂದರ ಮೇಲೆಯೇ ದಪ್ಪ ಪುಸ್ತಕ ಬರೆದ. ಆದರೆ ನನಗೆ ಆತ ಇಷ್ಟವಾಗುವುದು ಬೇರೆ ಕಾರಣಕ್ಕೆ. ಆಪರೇಷನ್ ಮಾಡಿದ ಮೇಲೆ ಪ್ರತಿ ರೋಗಿಯನ್ನೂ ಹಿಂಬಾಲಿಸಿ ನಿಜವಾಗಿ ಗುಣವಾಯಿತೇ ಅಂತ ಲೆಕ್ಕ ಬರೆದಿಡಬೇಕು, ಆ ಲೆಕ್ಕವನ್ನು ಜನರ ಮುಂದೆ ಇಡಬೇಕು ಅಂತ ಹಟ ಹಿಡಿದ. ದೊಡ್ಡ ಡಾಕ್ಟರುಗಳಿಗೆ ಅದು ಹಿಡಿಸಲಿಲ್ಲ, ಆತ ಇದ್ದ ಆಸ್ಪತ್ರೆಯನ್ನು ಬಿಡಬೇಕಾಯಿತು. ಲೆಕ್ಕ ಕೇಳುವವನು ಯಾವ ಊರಿನಲ್ಲೂ ಬೇಗ ಒಂಟಿಯಾಗುತ್ತಾನೆ.

ಆತ ಕೇಳಿದ ಲೆಕ್ಕ ಈಗ ಬರುತ್ತಿದೆ. ಫಿನ್ಲೆಂಡಿನಲ್ಲಿ ಐವತ್ತೈದು ದಾಟಿದ, ಪೆಟ್ಟಿಲ್ಲದೆ ಸುಪ್ರಾಸ್ಪೈನೇಟಸ್ ಹರಿದಿದ್ದವರ 180 ಭುಜಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ವ್ಯಾಯಾಮ, ಇನ್ನೊಂದಕ್ಕೆ ವ್ಯಾಯಾಮದ ಜೊತೆ ರಜ್ಜಿನ ಮೇಲಿರುವ ಮೂಳೆಯನ್ನು ಕೆರೆಯುವ ಆಪರೇಷನ್, ಮತ್ತೊಂದಕ್ಕೆ ರಜ್ಜನ್ನು ಹೊಲಿಯುವ ಆಪರೇಷನ್ ಕೂಡ. 2014ರಲ್ಲಿ ಒಂದು ವರ್ಷದ ಫಲ ಹೊರಬಂತು. ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಮೆರಿಕದಲ್ಲಿ ಇದೇ ಥರದ 452 ರೋಗಿಗಳಿಗೆ ಹನ್ನೆರಡು ವಾರದ ವ್ಯಾಯಾಮ ಕೊಟ್ಟು ಎರಡು ವರ್ಷ ನೋಡಿದಾಗ ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ ಜನ ಮಾತ್ರ ಆಪರೇಷನ್ನಿಗೆ ಹೋದರು. ಇಂಗ್ಲೆಂಡಿನವರು ಇನ್ನೂ ಗಟ್ಟಿಗರು. ರಜ್ಜು ಪೂರ್ತಿ ಹರಿಯದೆ ಬರೀ ನೋವಿರುವ 313 ಜನರಲ್ಲಿ ಒಂದು ಗುಂಪಿಗೆ ಮೂಳೆ ಕೆರೆಯುವ ಆಪರೇಷನ್ ಮಾಡಿದರು, ಇನ್ನೊಂದು ಗುಂಪಿಗೆ ಅದೇ ಥರ ತೂತು ಹಾಕಿ, ಒಳಗೆ ನೋಡಿ, ಏನೂ ಕೆರೆಯದೆ ಹೊಲಿಗೆ ಹಾಕಿ ಕಳಿಸಿದರು. 2018ರಲ್ಲಿ ಬಂದ ಫಲ ಏನು? ಕೆರೆಸಿಕೊಂಡವರಿಗೂ ಕೆರೆಸಿಕೊಳ್ಳದವರಿಗೂ ಒಂದೇ ಅಷ್ಟು ಗುಣ.

ಇದನ್ನೆಲ್ಲ ಹೇಳಿ ‘ಆಪರೇಷನ್ ಮೋಸ’ ಅಂತ ಚಪ್ಪಾಳೆ ಗಿಟ್ಟಿಸುವುದು ಸುಲಭ. ಹಾಗೆ ಹೇಳುವುದಿಲ್ಲ, ಏಕೆಂದರೆ ಇನ್ನೊಂದು ಲೆಕ್ಕವೂ ಇದೆ. ನಾರ್ವೆಯಲ್ಲಿ ರಜ್ಜು ಸಣ್ಣ, ಮಧ್ಯಮ ಪ್ರಮಾಣದಲ್ಲಿ ಹರಿದಿದ್ದ 103 ಜನರನ್ನು ಹತ್ತು ವರ್ಷ ಹಿಂಬಾಲಿಸಿದರು. ಅಲ್ಲಿ ಮೊದಲೇ ಹೊಲಿಸಿಕೊಂಡವರು ಬರೀ ವ್ಯಾಯಾಮ ಮಾಡಿದವರಿಗಿಂತ ಸ್ವಲ್ಪ ಮುಂದಿದ್ದರು. ವ್ಯಾಯಾಮದಿಂದ ಹರಿದದ್ದು ಅಂಟಿಕೊಳ್ಳುವುದಿಲ್ಲ, ಕೆಲವರಲ್ಲಿ ವರ್ಷ ಕಳೆದಂತೆ ಹರಿದ ಜಾಗ ದೊಡ್ಡದೂ ಆಗುತ್ತದೆ. ಹಾಗಾಗಿ ಐವತ್ತೆರಡರ ಗಟ್ಟಿಮುಟ್ಟಾದ ದುಡಿಮೆಗಾರನಿಗೆ ನಾನು ಹೇಳುವ ಮಾತೇ ಬೇರೆ, ಎಪ್ಪತ್ತರ ನಿವೃತ್ತ ಮೇಷ್ಟ್ರಿಗೆ ಹೇಳುವುದೇ ಬೇರೆ. ಸವೆದು ಹರಿದದ್ದಾದರೆ ಮೊದಲು ಮೂರು ತಿಂಗಳು ನಿಯತ್ತಾಗಿ ವ್ಯಾಯಾಮ, ಆಮೇಲೂ ಬದುಕು ನಡೆಯದಿದ್ದರೆ ಸರ್ಜನ್ ಹತ್ತಿರ ಕೂತು ಮಾತು. ಇದು ನನ್ನ ದಾರಿ.

ಬಿದ್ದು ಹರಿದವರಿಗೆ ಮಾತ್ರ ಈ ದಾರಿ ಅಲ್ಲ. ಸ್ಕೂಟರಿನಿಂದ ಬಿದ್ದ ನಲವತ್ತೈದರ ಎಲೆಕ್ಟ್ರಿಷಿಯನ್ ಒಬ್ಬರು ನನ್ನ ಹತ್ತಿರ ಬಂದಿದ್ದರು. ಬೀಳುವ ತನಕ ಕೈ ಚೆನ್ನಾಗಿತ್ತು, ಬಿದ್ದ ಮರುಗಳಿಗೆಯಿಂದ ಮೇಲೇಳುತ್ತಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ, ‘ಉಳುಕು’ ಅಂದುಕೊಂಡಿದ್ದರು. ಅವತ್ತೇ ಮೂಳೆ ಡಾಕ್ಟರ ಹತ್ತಿರ ಕಳಿಸಬೇಕಿತ್ತು ನಾನು. ಆರು ವಾರ ವ್ಯಾಯಾಮ ಮಾಡಿಸಿದೆ. ರಜ್ಜು ಕಿತ್ತುಬಂದ ಸ್ನಾಯು ಎಳೆದು ಬಿಟ್ಟ ರಬ್ಬರಿನಂತೆ ಒಳಗೆ ಸರಿದುಕೊಳ್ಳುತ್ತದೆ, ಕಾಲ ಕಳೆದಂತೆ ಮಾಂಸದ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಆಮೇಲೆ ಎಂಥ ಕೈಯಿಂದಲೂ ಚೆನ್ನಾಗಿ ಹೊಲಿಯುವುದು ಕಷ್ಟ. ಅವರ ಕೈ ಈಗಲೂ ಭುಜದ ಮಟ್ಟ ದಾಟುವುದಿಲ್ಲ. ಅದು ನನ್ನ ತಪ್ಪು. ಆದ್ದರಿಂದ ಬಿದ್ದ ಮೇಲೆ ಕೈ ಏಳದಿದ್ದರೆ, ಅಥವಾ ನಲವತ್ತರ ಮೇಲೆ ಭುಜ ಜಾರಿ ಮತ್ತೆ ಕೂರಿಸಿದ ಮೇಲೂ ಕೈಗೆ ಬಲ ಬರದಿದ್ದರೆ, ಎಣ್ಣೆ, ಕಟ್ಟು, ನನ್ನಂಥವರು ಯಾವುದೂ ಬೇಡ. ಆ ವಾರದಲ್ಲೇ ಮೂಳೆ ಡಾಕ್ಟರ ಹತ್ತಿರ ಹೋಗಿ.

ಇನ್ನು ಗುರುತು ಹಿಡಿಯುವುದು. ಕಫ್‌ನ ನೋವು ಸಾಮಾನ್ಯವಾಗಿ ಕೀಲಿನ ಮೇಲೆ ಬರುವುದಿಲ್ಲ, ರಟ್ಟೆಯ ಹೊರಮೈಯಲ್ಲಿ ಬರುತ್ತದೆ. ಅಲ್ಲೇ ಕೈಯಾಡಿಸಿಕೊಂಡು ಬರುತ್ತಾರೆ. ಪಕ್ಕದಿಂದ ಕೈ ಎತ್ತುವಾಗ ಮೊದಲು ಏನೂ ಇರುವುದಿಲ್ಲ, 60 ಡಿಗ್ರಿ ಹತ್ತಿರ ಚುಳ್ ಅನ್ನುತ್ತದೆ, 120 ದಾಟಿದರೆ ಮತ್ತೆ ಹಗುರ. ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ.

ಇದರ ಜೊತೆ ಜನ ಕಲಸಿಕೊಳ್ಳುವುದು ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಂಡು ತಿರುಗದಾಗುವ ಕಾಯಿಲೆ. ಆ ಹೆಸರು ಕೊಟ್ಟವನೂ ಕಾಡ್ಮನ್ನನೇ. ಸಕ್ಕರೆ ಕಾಯಿಲೆ ಇರುವವರಿಗೆ ಅದು ಹೆಚ್ಚು. ಪಕ್ಕದವರ ಜೊತೆ ಈಗಲೇ ನೋಡಿಕೊಳ್ಳಿ. ಮೊಣಕೈ ಮಡಚಿ ಪಕ್ಕೆಗೆ ಒತ್ತಿ ಇಟ್ಟುಕೊಳ್ಳಿ, ಇನ್ನೊಬ್ಬರು ನಿಮ್ಮ ಮುಂಗೈ ಹಿಡಿದು ಬಾಗಿಲು ತೆರೆದ ಹಾಗೆ ಮೆಲ್ಲಗೆ ಹೊರಕ್ಕೆ ತಿರುಗಿಸಲಿ. ಬೇರೆಯವರು ತಿರುಗಿಸಿದರೂ ಬಾಗಿಲು ತುಕ್ಕು ಹಿಡಿದಂತೆ ನಿಂತರೆ ಫ್ರೋಜನ್ ಇರಬಹುದು. ಬೇರೆಯವರು ಎತ್ತಿದರೆ ಕೈ ಪೂರ್ತಿ ಏಳುತ್ತದೆ, ನಾವೇ ಎತ್ತಿದರೆ ಬಲವಿಲ್ಲ ಅಂದರೆ ಕಫ್ ಕಡೆ ಅನುಮಾನ. ಕುತ್ತಿಗೆ ತಿರುಗಿಸಿದಾಗ ನೋವು ಮೊಣಕೈ ದಾಟಿ ಬೆರಳಿಗೆ ಜುಮ್ಮೆಂದರೆ ಮೂಲ ಕುತ್ತಿಗೆಯಲ್ಲಿರಬಹುದು. ಇದು ಮನೆಯ ಅಂದಾಜು ಅಷ್ಟೇ, ಪರೀಕ್ಷೆ ಮಾಡಿಸಿಕೊಳ್ಳುವುದು ಇದ್ದೇ ಇದೆ.

ಈಗ ಕರೆಂಟಿನ ವಿಷಯ. ಶುರುವಿನ ಆರೇಳು ವರ್ಷ ನಾನೂ ಭುಜಕ್ಕೆ ಪ್ಯಾಡ್ ಅಂಟಿಸಿ, ಅಲ್ಟ್ರಾಸೌಂಡ್ ಯಂತ್ರ ಉಜ್ಜಿ, ಹತ್ತು ದಿನ ಬನ್ನಿ ಅನ್ನುತ್ತಿದ್ದೆ. ಬಂದವರಿಗೆ ಬೆಚ್ಚಗಾಗುತ್ತಿತ್ತು, ನನಗೆ ಫೀಸು ಬರುತ್ತಿತ್ತು. ಹಗ್ಗ ಗಟ್ಟಿಯಾಗುತ್ತಿರಲಿಲ್ಲ. ಯಂತ್ರ ಉಜ್ಜಿದರೆ ಸ್ನಾಯು ಬಲಿಯುವುದಿಲ್ಲ, ದುಡಿಸಿದರೆ ಬಲಿಯುತ್ತದೆ. ಇದು ಗರಡಿಮನೆಯ ಉಸ್ತಾದನಿಗೆ ಗೊತ್ತಿದ್ದ ವಿಷಯ, ಕಾಲೇಜಿನಲ್ಲಿ ಓದಿದ ನನಗೆ ತಡವಾಗಿ ತಿಳಿಯಿತು. 2021ರಲ್ಲಿ ಇಂಗ್ಲೆಂಡಿನಿಂದ ನನ್ನ ಹೊಟ್ಟೆಯ ಮೇಲೇ ಹೊಡೆಯುವ ಇನ್ನೊಂದು ಸುದ್ದಿ ಬಂತು. 708 ಜನರಲ್ಲಿ ಅರ್ಧ ಮಂದಿಗೆ ಫಿಸಿಯೋಥೆರಪಿಸ್ಟ್ ಹತ್ತಿರ ಆರು ಸಲದವರೆಗೆ ಭೇಟಿ, ಇನ್ನರ್ಧಕ್ಕೆ ಒಂದೇ ಒಂದು ಭೇಟಿ. ಚೆನ್ನಾಗಿ ವಿವರಿಸಿ, ಮನೆಯಲ್ಲಿ ಮಾಡುವ ವ್ಯಾಯಾಮ ಕಲಿಸಿ ಕಳಿಸಿದರು. ವರ್ಷದ ಕೊನೆಗೆ ಎರಡೂ ಗುಂಪು ಒಂದೇ. ಆವತ್ತಿನಿಂದ ಕೆ.ಆರ್. ಪೇಟೆಯಿಂದಲೋ ನಾಗಮಂಗಲದಿಂದಲೋ ದಿನಾ ಬಸ್ಸು ಹತ್ತಿ ಬನ್ನಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಒಮ್ಮೆ ಬಂದು ಕಲಿತುಕೊಳ್ಳಿ, ಮನೆಯಲ್ಲಿ ಮಾಡಿ, ತಿಂಗಳಿಗೊಮ್ಮೆ ತೋರಿಸಿ.

ಏನು ಮಾಡುವುದು? ನೋವು ಜೋರಾಗಿರುವ ಮೊದಲ ದಿನಗಳಲ್ಲಿ ಮೇಜಿಗೆ ಒಂದು ಕೈ ಊರಿ ಬಗ್ಗಿ, ನೋಯುವ ಕೈಯನ್ನು ಬಾವಿಗೆ ಬಿಟ್ಟ ಬಿಂದಿಗೆಯ ಹಾಗೆ ಜೋತು ಬಿಟ್ಟು ಮೈ ಅಲುಗಾಟಕ್ಕೇ ತೂಗಲಿ. ಕಾಡ್ಮನ್ ಹೆಸರಿನಲ್ಲೇ ಇರುವ ವ್ಯಾಯಾಮ ಇದು. ಆಮೇಲೆ ಚಾಪೆಯ ಮೇಲೆ ಅಂಗಾತ ಮಲಗಿ ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು, ಒಳ್ಳೆಯ ಕೈಯಿಂದ ನೋಯುವ ಕೈಯನ್ನು ತಲೆಯ ಕಡೆಗೆ ಎತ್ತಿಸಿ. ಮೂರನೆಯದು ಗೋಡೆ. ನೋಯುವ ಭುಜ ಗೋಡೆಯ ಕಡೆಗಿರಲಿ, ಮೊಣಕೈ ಮಡಚಿ ಪಕ್ಕೆಗೆ ಒತ್ತಿ, ನಡುವೆ ಮಡಚಿದ ಟವೆಲ್ ಇಟ್ಟುಕೊಂಡು, ಮುಂಗೈಯ ಹಿಂಬದಿಯಿಂದ ಗೋಡೆಯನ್ನು ಹೊರಕ್ಕೆ ತಳ್ಳಿ. ಗೋಡೆ ಸರಿಯುವುದಿಲ್ಲ, ಸ್ನಾಯು ಮಾತ್ರ ದುಡಿಯುತ್ತದೆ. ಹತ್ತು ಎಣಿಸುವ ತನಕ ತಳ್ಳಿ, ಬಿಡಿ. ಹತ್ತು ಸಲ. ಬಾಗಿಲ ಚೌಕಟ್ಟಿಗೆ ಅಂಗೈ ಇಟ್ಟು ಒಳಕ್ಕೆ ತಳ್ಳುವುದೂ ಹಾಗೇ. ನೋವಿದ್ದಾಗಲೂ ಇದನ್ನು ಬಹಳ ಜನ ಮಾಡಬಲ್ಲರು.

ಎರಡು ಮೂರು ವಾರದ ಮೇಲೆ ಟ್ಯೂಬ್. ಅಂಗಡಿಯ ಬಣ್ಣದ ರಬ್ಬರ್ ಪಟ್ಟಿ ಬೇಕಾಗಿಲ್ಲ, ಸೈಕಲ್ ಶಾಪಿನ ಹಳೇ ಟ್ಯೂಬ್ ಸಾಕು. ಕಿಟಕಿಯ ಸರಳಿಗೆ ಹೊಕ್ಕುಳ ಎತ್ತರದಲ್ಲಿ ಕಟ್ಟಿ. ಒಳ್ಳೆಯ ಭುಜ ಕಿಟಕಿಯ ಕಡೆಗಿರುವಂತೆ ನಿಂತು, ನೋಯುವ ಕೈಯಲ್ಲಿ ಟ್ಯೂಬ್ ಹಿಡಿದು, ಮೊಣಕೈ ಪಕ್ಕೆ ಬಿಡದ ಹಾಗೆ ಮುಂಗೈಯನ್ನು ಹೊಟ್ಟೆಯಿಂದ ಹೊರಕ್ಕೆ ತಿರುಗಿಸಿ. ಇದು ಹಿಂದಿನ ಹಗ್ಗಕ್ಕೆ. ಕಿಟಕಿಗೆ ಮುಖ ಮಾಡಿ ನಿಂತು ಎರಡೂ ಮೊಣಕೈ ಹಿಂದಕ್ಕೆ ಎಳೆಯುವುದು ಹಲಗೆಮೂಳೆಯ ಸ್ನಾಯುಗಳಿಗೆ. ಚಮಚವೇ ಅಲ್ಲಾಡಿದರೆ ನಿಂಬೆಹಣ್ಣು ನಿಲ್ಲುವುದಿಲ್ಲವಲ್ಲ. ಆಮೇಲೆ ಒಳ್ಳೆಯ ಮಗ್ಗುಲಿಗೆ ಮಲಗಿ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮುಂಗೈ ಎತ್ತುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು. ಕೊನೆಯ ವಾರಗಳಲ್ಲಿ ಬಾಟಲಿಯನ್ನು ಷೆಲ್ಫಿನ ಮೇಲಿಟ್ಟು ಇಳಿಸುವುದು. ಬಲದ ವ್ಯಾಯಾಮ ದಿನ ಬಿಟ್ಟು ದಿನ, ಹತ್ತು ಹನ್ನೆರಡು ಸಲದ ಮೂರು ಸುತ್ತು. ಕೊನೆಯ ಎರಡು ಸಲ ತಿಣುಕುವಂತಿರಬೇಕು. ಹಗುರವಾಗಿದ್ದರೆ ನೀವು ಬರೀ ಕೈ ಬೀಸುತ್ತಿದ್ದೀರಿ ಅಂತ ಅರ್ಥ.

ಎಲ್ಲರೂ ಕೇಳುವುದು ನೋವಾದರೆ ನಿಲ್ಲಿಸಬೇಕೇ ಅಂತ. ಹತ್ತು ಪೈಸೆಯ ನೋವನ್ನು ಅತಿ ಹೆಚ್ಚು ಅಂದುಕೊಂಡರೆ, ಮಾಡುವಾಗ ನಾಲ್ಕು ಪೈಸೆಯ ತನಕ ಬರಲಿ, ಮಾರನೇ ಬೆಳಿಗ್ಗೆಯೊಳಗೆ ಇಳಿದರೆ ಸಾಕು. ಇಳಿಯದಿದ್ದರೆ ಹಿಂದಿನ ಸಲ ಜಾಸ್ತಿಯಾಯಿತು ಅಂತ ಒಂದು ಮೆಟ್ಟಿಲು ಕೆಳಗಿಳಿಯಿರಿ, ಬಿಟ್ಟುಬಿಡಬೇಡಿ. ಎಷ್ಟು ದಿನ ಅಂದರೆ, ರಾಗಿ ಬಿತ್ತಿ ಎಷ್ಟು ದಿನಕ್ಕೆ ಕುಯ್ಯುತ್ತೀರಿ? ಅಷ್ಟು. ಹದಿನೈದು ದಿನಕ್ಕೆ ಹೊಲಕ್ಕೆ ಹೋಗಿ ತೆನೆ ಎಲ್ಲಿ ಅಂತ ಯಾರೂ ಕೇಳುವುದಿಲ್ಲ, ನನ್ನ ಹತ್ತಿರ ಮಾತ್ರ ಕೇಳುತ್ತಾರೆ.

ಮಲಗುವಾಗ ಅಂಗಾತ ಮಲಗಿ ನೋಯುವ ತೋಳಿನ ಕೆಳಗೆ ಮಡಚಿದ ಹಳೇ ಸೀರೆ ಇಟ್ಟುಕೊಳ್ಳಿ. ಅಥವಾ ಒಳ್ಳೆಯ ಮಗ್ಗುಲಿಗೆ ಮಲಗಿ ದಿಂಬು ತಬ್ಬಿಕೊಳ್ಳಿ. ಅಂಗಿ ಹಾಕುವಾಗ ನೋಯುವ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಗದ್ದೆಗೆ ಔಷಧಿ ಹೊಡೆಯುವ ಟ್ಯಾಂಕಿನ ಪಂಪನ್ನು ಸಾಧ್ಯವಾದರೆ ಇನ್ನೊಂದು ಕೈಗೆ ಬದಲಿಸಿ. ಬೀಡಿ ಸಿಗರೇಟು ಸೇದುವವರಲ್ಲಿ ರಜ್ಜು ಹರಿಯುವುದು ಹೆಚ್ಚು, ಅದನ್ನೂ ಹೇಳಿಬಿಡುತ್ತೇನೆ.

ಭೀಮಣ್ಣನಿಗೆ ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. “ನಿಮ್ ಟ್ಯೂಬು ನನ್ ತಲೆ ತಿಂತಾದೆ” ಅಂದರು. ಎಂಟನೇ ವಾರಕ್ಕೆ ಹಾಲು ಕರೆಯಲು ಕೂತರು. ನೂರು ದಿನ ದಾಟಿದ ಮೇಲೆ ಹಬ್ಬ ಬಂತು, ನಾನೂ ಹೋಗಿದ್ದೆ. ಗದೆಯನ್ನು ಮೊದಲಿನ ಹಾಗೆ ತಲೆಯ ಮೇಲೆ ಗಿರ್ರನೆ ತಿರುಗಿಸಲಿಲ್ಲ, ಹೆಗಲ ಮೇಲಿಟ್ಟುಕೊಂಡು ಪದ ಹಾಡಿದರು. ಗರ್ಜನೆಯ ಜಾಗದಲ್ಲಿ ಒಂದೇ ಒಂದು ಸಲ ಎತ್ತಿದರು, ಮೊಣಕೈ ಮಡಚಿ. ಒಳಗೆ ಹರಿದದ್ದು ಬಹುಶಃ ಈಗಲೂ ಹಾಗೇ ಇದೆ. ಮತ್ತೆ ಸ್ಕ್ಯಾನ್ ಮಾಡಿಸಬೇಕಾ ಅಂತ ಕೇಳಿದ್ದರು. ಯಾರಿಗೆ ತೋರಿಸಕ್ಕೆ ಅಂದೆ.

ಆಮೇಲೆ ಪ್ರಶ್ನೆಗಳು ಶುರುವಾದವು.

ಒಬ್ಬರು ಸೂಜಿಯ ಬಗ್ಗೆ ಕೇಳಿದರು. ಭುಜದೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನಿಂದ ಮೊದಲ ಒಂದೆರಡು ತಿಂಗಳು ನೋವು ಸ್ವಲ್ಪ ಕಡಿಮೆಯಾಗುತ್ತದೆ, ವರ್ಷದ ಲೆಕ್ಕದಲ್ಲಿ ಲಾಭ ಉಳಿಯುವುದಿಲ್ಲ. 708 ಜನರ ಅದೇ ಪರೀಕ್ಷೆಯಲ್ಲಿ ಇದೂ ಕಂಡಿತು. ರಾತ್ರಿ ನಿದ್ದೆಯೇ ಇಲ್ಲದವರಿಗೆ ವ್ಯಾಯಾಮ ಶುರು ಮಾಡಲು ಒಂದು ಸಲ ಕೊಡಿಸಿದರೆ ತಪ್ಪಿಲ್ಲ. ಮತ್ತೆ ಮತ್ತೆ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಸೂಜಿಯ ನಂತರ ಕೆಲವು ದಿನ ಸಕ್ಕರೆ ಏರುತ್ತದೆ, ಮುಂಚೆಯೇ ಡಾಕ್ಟರಿಗೆ ಹೇಳಿ. ರಕ್ತದಿಂದ ತೆಗೆದು ಕೊಡುವ ಪಿಆರ್‌ಪಿ ಸೂಜಿಗೆ ದುಡ್ಡು ಜಾಸ್ತಿ, ನನಗಿನ್ನೂ ಅದರ ಮೇಲೆ ನಂಬಿಕೆ ಬಂದಿಲ್ಲ. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು ಕಿಡ್ನಿಗೆ, ಬಿಪಿಗೆ ಕೆಟ್ಟದ್ದು.

“ಎಣ್ಣೆ ನೀವಿಸ್ಬೋದಾ ಸ್ವಾಮಿ?” ನೀವಿಸಿ, ಹಿತವಾಗಿದ್ದರೆ. ಬಿಸಿನೀರೂ ಹುಯ್ದುಕೊಳ್ಳಿ. ಲಟಕ್ ಅಂತ ಎಳೆಸಬೇಡಿ. ನೀವಿದ ಮೇಲೆ ಟ್ಯೂಬ್ ಮರೆಯಬೇಡಿ.

ಮುಂದಿನ ಸಾಲಿನವರೊಬ್ಬರು ಎಡಭುಜ ನೋವು, ಮೆಟ್ಟಿಲು ಹತ್ತಿದಾಗ ಜಾಸ್ತಿ, ನಿಂತರೆ ಕಡಿಮೆ ಅಂದರು. ಕೈ ತಿರುಗಿಸಿ ನೋಡಿದೆ, ಯಾವ ಕಡೆಗೂ ನೋವಿಲ್ಲ. ಭುಜ ಆಡಿಸಿದಾಗ ಬಾರದೆ, ನಡೆದಾಗ ಬರುವ ನೋವು ಭುಜದ್ದಲ್ಲ. ನಾಳೆ ಅಂತ ಕಾಯಬೇಡಿ, ಇವತ್ತೇ ಹೋಗಿ ಇಸಿಜಿ ಮಾಡಿಸಿ ಅಂತ ಅವರ ಜೊತೆ ಇನ್ನೊಬ್ಬರನ್ನು ಎಬ್ಬಿಸಿ ಕಳಿಸಿದೆವು. ಬೆವರು, ಎದೆ ಹಿಡಿತ ಇದ್ದರಂತೂ ಟ್ಯೂಬಿನ ಮಾತೇ ಇಲ್ಲ, ನೇರ ಆಸ್ಪತ್ರೆ.

ಕೊನೆಗೆ, ಶುರುವಿನಲ್ಲಿ ಎಡಗೈಯಿಂದ ಬಲಗೈ ಎತ್ತಿದ ಆ ಅಮ್ಮ ಎದ್ದರು. ಬಿದ್ದಿರಲಿಲ್ಲ, ವರ್ಷದಿಂದ ಹಾಗೇ ಇದೆಯಂತೆ. “ಎಲ್ಲಾ ಸರಿ ಕಣಪ್ಪ, ಹಿಟ್ಟು ತಿರುವೋದು ಹೆಂಗೆ?”

ಗ್ಯಾಸಿನ ಕಟ್ಟೆ ಎತ್ತರ. ಅಲ್ಲೇ ತಿರುವಿದರೆ ಮೊಣಕೈ ಭುಜದ ಮಟ್ಟಕ್ಕೆ ಏಳುತ್ತದೆ, ಅದೇ ಕೆಟ್ಟ ಕೋನ. ಪಾತ್ರೆ ನೆಲಕ್ಕೆ ಇಳಿಸಿ, ಹಿಂದಿನವರ ಹಾಗೆ ಕವೆಗೋಲಿನಿಂದ ಒತ್ತಿ ಹಿಡಿದು, ಮೊಣಕೈ ಮೈಗೆ ಹತ್ತಿರವಿಟ್ಟು, ತೋಳಿನಿಂದಲ್ಲದೆ ಮೈಭಾರದಿಂದ ತಿರುವಿ. ಎಷ್ಟು ಮುದ್ದೆ ಮಾಡ್ತೀರಿ ಅಂತ ಕೇಳಿದೆ. ಆರು ಜನ, ಎರಡು ಹೊತ್ತು, ಹನ್ನೆರಡು ಅಂದರು. ಹಾಗಾದರೆ ಈ ಮೂರು ತಿಂಗಳು ಒಂದು ಹೊತ್ತಿನದನ್ನು ಮಗನ ಕೈಲಿ ತಿರುವಿಸಿ ಅಂದೆ.

ಮಗ ಪಕ್ಕದಲ್ಲೇ ಕೂತಿದ್ದ. “ನಂಗೆ ಗಂಟಾಯ್ತದೆ ಸಾರ್” ಅಂದ.

“ಆಗ್ಲಿ ಬುಡು, ಗಂಟ್ನೇ ತಿಂತೀವಿ” ಅಂದರು ಅಮ್ಮ.